ತಂತ್ರಾಂಶ ಮತ್ತು ಮೇಲಧಿಕಾರಿಯ ಹೊಣೆ

(ಸಂಘದ ವಾರ್ಷಿಕೋತ್ಸವದ ಅಂಗವಾಗಿ ದೇವರಾಜ ಮೊಹಲ್ಲಾದಲ್ಲಿ ನಡೆದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಪ್ರತಿ ವರ್ಷ ಈ ವೇದಿಕೆಯಿಂದ ವಿದ್ಯಾರ್ಥಿಗಳಿಗೆ ಬುದ್ಧಿವಾದ ಹೇಳುವುದು ವಾಡಿಕೆ. ಚೆನ್ನಾಗಿ ಓದಿ, ಕಂಪ್ಯೂಟರ್ ಕಲಿಯಿರಿ, ಒಳ್ಳೆಯ ಕೆಲಸ ಹಿಡಿಯಿರಿ ಎಂದು ನಾನೇ ಎಷ್ಟೋ ಸಲ ಹೇಳಿದ್ದೇನೆ. ಈ ಸಲ ಕಾರ್ಯದರ್ಶಿಗಳು ವಿಷಯ ಕೇಳಿದಾಗ, ‘ಮಕ್ಕಳಿಗೆ ಬೇಡ, ಮುಂದಿನ ಸಾಲಿನಲ್ಲಿ ಕೂರುವವರಿಗೆ ಹೇಳುತ್ತೇನೆ’ ಎಂದೆ. ಅವರು ನಕ್ಕರು. ಆದರೆ ನಾನು ತಮಾಷೆಗೆ ಹೇಳಿದ ಮಾತಲ್ಲ ಅದು. ಕಂಪ್ಯೂಟರ್ ಕಲಿಯಬೇಕಾದವರು ಮಕ್ಕಳು ಮಾತ್ರವಲ್ಲ. ಅವರಿಗೆ ಕೆಲಸ ಕೊಡುವವರು, ಅವರ ಕೆಲಸಕ್ಕೆ ರುಜು ಹಾಕುವವರು, ಟೆಂಡರ್ ಕರೆಯುವವರು, ಉದ್ಘಾಟನೆಯ ದಿನಾಂಕ ಗೊತ್ತು ಮಾಡುವವರು, ಇವರೆಲ್ಲ ಕಲಿಯಬೇಕಾದ ಒಂದು ವಿದ್ಯೆ ಇದೆ. ಆ ವಿದ್ಯೆ ನನಗೆ ಗೊತ್ತಿಲ್ಲದೇ ಹೋದದ್ದರಿಂದ ಏನಾಯಿತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಮನಸ್ಸಿನ ಭಾರವೂ ಇಳಿಯುತ್ತದೆ.

ನಾನು ರುಜು ಹಾಕಿದ ಕಾಗದ

ನಾನು ಕೆಲಸ ಮಾಡಿದ ಸಂಸ್ಥೆಯ ಹೆಸರು ಇಲ್ಲಿ ಬೇಡ. ಅಲ್ಲಿ ನಾನು ಲೆಕ್ಕಪತ್ರ ವಿಭಾಗದ ಮುಖ್ಯಸ್ಥನಾಗಿದ್ದೆ. 2003ರಲ್ಲಿ ಸಂಬಳ ಮತ್ತು ಪಿಂಚಣಿಯ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಹಾಕುವ ಕೆಲಸ ಶುರುವಾಯಿತು. ಗುಮಾಸ್ತರಿಗೆ ಎರಡು ದಿನದ ತರಬೇತಿ ಕೊಟ್ಟರು. ನಮ್ಮಂಥ ಅಧಿಕಾರಿಗಳಿಗೆ ತರಬೇತಿ ಇರಲಿಲ್ಲ, ಉದ್ಘಾಟನೆ ಇತ್ತು. ಹಾರ, ಮೈಸೂರುಪಾಕು, ಫೋಟೋ ಎಲ್ಲ ಆಯಿತು. ಕಂಪನಿಯವರು ಒಂದು ಕಾಗದ ಮುಂದಿಟ್ಟರು. ‘ತಂತ್ರಾಂಶವನ್ನು ಪರೀಕ್ಷಿಸಿ ತೃಪ್ತಿಕರವೆಂದು ಒಪ್ಪಿಕೊಳ್ಳಲಾಗಿದೆ’ ಎಂದು ಅದರಲ್ಲಿತ್ತು. ನಾನು ಏನನ್ನೂ ಪರೀಕ್ಷಿಸಿರಲಿಲ್ಲ. ಪರೀಕ್ಷಿಸುವುದು ಹೇಗೆಂದೂ ನನಗೆ ತಿಳಿದಿರಲಿಲ್ಲ. ಆದರೂ ರುಜು ಹಾಕಿದೆ.

ಎರಡನೆಯ ತಿಂಗಳು ಒಬ್ಬ ವೃದ್ಧೆ ಬಂದರು. ಗಂಡ ನಮ್ಮಲ್ಲೇ ಜವಾನನಾಗಿದ್ದವನು, ತೀರಿಕೊಂಡು ವರ್ಷಗಳಾಗಿದ್ದವು. ಕುಟುಂಬ ಪಿಂಚಣಿ ಬಂದಿಲ್ಲವೆಂದರು. ನಾನು ಗುಮಾಸ್ತನನ್ನು ಕರೆದು ಕೇಳಿದೆ. ಪಾವತಿ ಪಟ್ಟಿಯಲ್ಲಿ ಹೆಸರಿರಲಿಲ್ಲ. ‘ಕಂಪ್ಯೂಟರಿನಲ್ಲಿ ನಿಮ್ಮ ಹೆಸರೇ ಬರುತ್ತಿಲ್ಲವಲ್ಲ ಅಮ್ಮ’ ಎಂದೆ. ಅವರು ನನ್ನ ಮುಖ ನೋಡಿ, ‘ನಾನು ಬದ್ಕೇ ಇವ್ನಲ್ಲ ಬುದ್ಧಿ’ ಎಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಮುಂದಿನ ತಿಂಗಳು ಬನ್ನಿ ಎಂದು ಕಳಿಸಿದೆ. ಅವರು ಮುಂದಿನ ತಿಂಗಳೂ ಬಂದರು, ಅದರ ಮುಂದಿನ ತಿಂಗಳೂ ಬಂದರು. ಅಷ್ಟರಲ್ಲಿ ಅಂಥವರು ಹತ್ತಾರು ಮಂದಿ ಆಗಿದ್ದರು.

ಗಲಾಟೆ ಮೇಲಕ್ಕೆ ಹೋಯಿತು. ಯಾರದೋ ತಪ್ಪು ಆಗಿರಲೇಬೇಕಲ್ಲ? ವಿವರಗಳನ್ನು ಕಂಪ್ಯೂಟರಿಗೆ ತುಂಬಿದ್ದು ಒಬ್ಬ ಕಿರಿಯ ಗುಮಾಸ್ತ. ‘ನಮೂದಿನಲ್ಲಿ ನಿರ್ಲಕ್ಷ್ಯ’ ಎಂದು ಟಿಪ್ಪಣಿ ಬರೆದವನು ನಾನೇ. ಅವನನ್ನು ಅಮಾನತಿನಲ್ಲಿಟ್ಟರು.

ಕೊನೆಗೆ ಕಂಪನಿಯಿಂದ ಬಂದ ಒಬ್ಬ ಹುಡುಗಿ, ಇಪ್ಪತ್ತಮೂರು ಇಪ್ಪತ್ತನಾಲ್ಕು ವಯಸ್ಸಿರಬಹುದು, ಹತ್ತೇ ನಿಮಿಷದಲ್ಲಿ ಕಾರಣ ತೋರಿಸಿದಳು. ಹಳೆಯ ಲೆಡ್ಜರಿನಲ್ಲಿ ಈ ಹೆಂಗಸರ ಹುಟ್ಟಿದ ದಿನಾಂಕ ಇರಲೇ ಇಲ್ಲ. ತಂತ್ರಾಂಶವಾದರೋ ಆ ಜಾಗ ಖಾಲಿ ಬಿಟ್ಟರೆ ಮುಂದಕ್ಕೆ ಹೋಗುತ್ತಿರಲಿಲ್ಲ. ಆಗ ‘ಸದ್ಯಕ್ಕೆ 1-1-1900 ಎಂದು ಹಾಕು’ ಎಂದು ಗುಮಾಸ್ತನಿಗೆ ಯಾರೋ ಹೇಳಿದ್ದರು. ಇನ್ನೊಂದು ಕಡೆ, ನೂರು ವರ್ಷ ದಾಟಿದವರ ಪಾವತಿಯನ್ನು ತಡೆದು, ಅವರು ಬದುಕಿದ್ದಾರೆಯೇ ಎಂದು ವಿಚಾರಿಸಬೇಕು ಎಂಬ ನಿಯಮವೂ ತಂತ್ರಾಂಶದಲ್ಲಿತ್ತು. ಎರಡೂ ಸೇರಿ ಆ ವಿಧವೆಯರಿಗೆ 103 ವರ್ಷ ವಯಸ್ಸಾಗಿ ಪಿಂಚಣಿ ನಿಂತಿತ್ತು. ಆ ಹುಡುಗಿ ಇನ್ನೊಂದು ಮಾತು ಹೇಳಿದಳು: ‘ಸರ್, ತಡೆಹಿಡಿದವರ ಪಟ್ಟಿ ಪ್ರತಿ ತಿಂಗಳೂ ನಿಮ್ಮ ಲಾಗಿನ್ನಿಗೆ ಬರುತ್ತದೆ. ನೀವು ಒಮ್ಮೆಯೂ ತೆರೆದಿಲ್ಲ.’

ನನಗೆ ಲಾಗಿನ್ ಇರುವುದೇ ಗೊತ್ತಿರಲಿಲ್ಲ. ಪಾಸ್‌ವರ್ಡು ನನ್ನ ಸಹಾಯಕನ ಡೈರಿಯಲ್ಲಿತ್ತು.

ಹಣ ಎಲ್ಲರಿಗೂ ಬಾಕಿ ಸಮೇತ ಸಂದಾಯವಾಯಿತು. ಗುಮಾಸ್ತ ಐದು ತಿಂಗಳ ನಂತರ ಕೆಲಸಕ್ಕೆ ಮರಳಿದ. ನಾನು ತಪ್ಪೊಪ್ಪಿಕೊಂಡು ಇನ್ನೊಂದು ಟಿಪ್ಪಣಿ ಬರೆದೆ, ನಿಜ. ಆದರೆ ಆ ಐದು ತಿಂಗಳು ಅವನ ಮನೆಯಲ್ಲಿ ಏನು ನಡೆದಿರಬಹುದು ಎಂಬುದನ್ನು ನೆನೆದರೆ ಈಗಲೂ ನನಗೆ ಸಮಾಧಾನವಿಲ್ಲ.

ನಮ್ಮ ಆಫೀಸುಗಳ ಕನ್ನಡದಲ್ಲಿ ‘ಅಮಾನತು’ ಎಂದರೆ ಕೆಲಸದಿಂದ ತೆಗೆದು ಪಕ್ಕಕ್ಕೆ ಇಡುವುದು. ನಮ್ಮ ಮನೆಗಳಲ್ಲಿ ‘ಅಮಾನತ್’ ಎಂದರೆ ಒಬ್ಬರು ನಂಬಿ ಒಪ್ಪಿಸಿದ ವಸ್ತು, ಹಾಗೆಯೇ ಹಿಂದಿರುಗಿಸಬೇಕಾದದ್ದು. ಒಂದೇ ಮೂಲದ ಮಾತು. ಆ ವಿಧವೆಯರ ಹಣ ನನ್ನ ಬಳಿ ಅಮಾನತ್ ಆಗಿತ್ತು. ಅದನ್ನು ಕಾಯಬೇಕಾದವನು ಗುಮಾಸ್ತನನ್ನು ಅಮಾನತು ಮಾಡಿಸಿದೆ.

ಇದು ನನ್ನೊಬ್ಬನ ಕಥೆಯಲ್ಲ

ನಾನು ಕಂಡದ್ದು ಸಣ್ಣ ಪ್ರಮಾಣದ್ದು. ಇದೇ ಕಥೆ ಬ್ರಿಟನ್ನಿನಲ್ಲಿ ಇಡೀ ದೇಶದ ಮಟ್ಟದಲ್ಲಿ ನಡೆದಿದೆ. ಅಲ್ಲಿಯ ಅಂಚೆ ಸಂಸ್ಥೆ 1999ರಿಂದ ‘ಹೊರೈಜನ್’ ಎಂಬ ಲೆಕ್ಕದ ತಂತ್ರಾಂಶವನ್ನು ಊರೂರಿನ ಅಂಚೆ ಕಚೇರಿಗಳಲ್ಲಿ ಅಳವಡಿಸಿತು. ಒದಗಿಸಿದ್ದು ಫುಜಿತ್ಸು ಕಂಪನಿ. ಸಣ್ಣ ಅಂಚೆ ಕಚೇರಿಗಳನ್ನು ನಡೆಸುತ್ತಿದ್ದ ಸಬ್ ಪೋಸ್ಟ್‌ಮಾಸ್ಟರುಗಳ ಲೆಕ್ಕದಲ್ಲಿ ಇದ್ದಕ್ಕಿದ್ದಂತೆ ಹಣ ಕಡಿಮೆ ಕಾಣತೊಡಗಿತು. ಅವರು ದೂರಿದರೂ ಕೇಳುವವರಿರಲಿಲ್ಲ. ಕಳ್ಳತನ, ಸುಳ್ಳು ಲೆಕ್ಕ ಎಂದು ಮೊಕದ್ದಮೆ ಹೂಡಿದರು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಕೆಲವರು ಜೈಲಿಗೆ ಹೋದರು, ಕೆಲವರು ಮನೆಮಠ ಮಾರಿ ಇಲ್ಲದ ಬಾಕಿಯನ್ನು ತೀರಿಸಿದರು. ಅವರಲ್ಲಿ ನಮ್ಮ ದೇಶದ ಮೂಲದವರೂ ಅನೇಕರಿದ್ದರು. 2019ರ ಡಿಸೆಂಬರಿನಲ್ಲಿ ಲಂಡನ್ನಿನ ಹೈಕೋರ್ಟು ಹೊರೈಜನ್‌ನಲ್ಲಿ ದೋಷಗಳಿದ್ದವು ಎಂದು ತೀರ್ಪು ಕೊಟ್ಟಿತು. 2021ರಲ್ಲಿ ಮೇಲ್ಮನವಿ ನ್ಯಾಯಾಲಯ ಒಂದೇ ದಿನ 39 ಮಂದಿಯ ಶಿಕ್ಷೆ ರದ್ದು ಮಾಡಿತು. 2024ರಲ್ಲಿ ಪಾರ್ಲಿಮೆಂಟೇ ಕಾನೂನು ತಂದು ಉಳಿದವರ ಹೆಸರಿಗೆ ಹತ್ತಿದ ಮಸಿ ತೊಳೆಯಬೇಕಾಯಿತು.

ಇಲ್ಲಿ ಗಮನಿಸಬೇಕಾದದ್ದು ಒಂದು ಸಂಗತಿ. ತಂತ್ರಾಂಶದಲ್ಲಿ ದೋಷ ಇರುವುದು ಅಪರೂಪವಲ್ಲ. ದೊಡ್ಡ ತಂತ್ರಾಂಶದಲ್ಲಿ ದೋಷ ಇದ್ದೇ ಇರುತ್ತದೆ. ಆದರೆ ದೋಷವಿದ್ದ ಮಾತ್ರಕ್ಕೆ ಯಾರೂ ಜೈಲಿಗೆ ಹೋಗಬೇಕಾಗಿಲ್ಲ. ‘ನಮ್ಮ ಕಂಪ್ಯೂಟರ್ ತಪ್ಪು ಮಾಡುವುದಿಲ್ಲ’ ಎಂದು ಮೇಲಿನವರು ಹಟ ಹಿಡಿದದ್ದರಿಂದ ಅವರು ಜೈಲಿಗೆ ಹೋದರು. ಮೊದಲನೆಯದು ತಾಂತ್ರಿಕ ಲೋಪ, ಎರಡನೆಯದು ಆಡಳಿತದ ಲೋಪ.

ಇನ್ನೊಂದು ಪ್ರಸಂಗ ಅಮೆರಿಕೆಯ ಷೇರುಪೇಟೆಯದು. 2012ರ ಆಗಸ್ಟ್ 1ರಂದು ನೈಟ್ ಕ್ಯಾಪಿಟಲ್ ಎಂಬ ದೊಡ್ಡ ದಲ್ಲಾಳಿ ಸಂಸ್ಥೆ ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಿತು. ಎಂಟು ಸರ್ವರುಗಳಿಗೆ ಹಾಕಬೇಕಾದ ಹೊಸ ತಂತ್ರಾಂಶವನ್ನು ಏಳಕ್ಕೆ ಮಾತ್ರ ಹಾಕಿದ್ದರು. ಎಂಟನೆಯದರಲ್ಲಿ ಉಳಿದಿದ್ದ ಹಳೆಯ ಸಂಕೇತ ಎದ್ದು ಕುಳಿತು ಮನಸ್ಸಿಗೆ ಬಂದಂತೆ ಷೇರು ಕೊಂಡು ಮಾರಿತು. ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ಪರಿಶೀಲಿಸಬೇಕೆಂಬ ಲಿಖಿತ ಕ್ರಮ ಅಲ್ಲಿರಲಿಲ್ಲ. ಆ ದಿನ ಪೇಟೆ ತೆರೆಯುವ ಮೊದಲೇ ಆ ಯಂತ್ರಗಳು 97 ಇ-ಮೇಲ್ ಸಂದೇಶಗಳನ್ನು ಸಿಬ್ಬಂದಿಗೆ ಕಳಿಸಿದ್ದವು ಎಂದು ಆಮೇಲೆ ಅಲ್ಲಿಯ ನಿಯಂತ್ರಣ ಮಂಡಳಿ ದಾಖಲಿಸಿದೆ. ಯಾರೂ ಅದರ ಮೇಲೆ ಕ್ರಮ ಕೈಗೊಳ್ಳಲಿಲ್ಲ. ಅದನ್ನು ಓದಿದಾಗ ನನಗೆ ನನ್ನ ಲಾಗಿನ್ನಿನಲ್ಲಿ ಕೊಳೆಯುತ್ತಿದ್ದ ಆ ಪಟ್ಟಿ ನೆನಪಾಯಿತು.

ದೂರ ಏಕೆ, ನಮ್ಮ ವ್ಯಾಪಾರಿ ಬಂಧುಗಳಿಗೆ 2021ರ ಜೂನ್ 7ರಂದು ಶುರುವಾದ ಹೊಸ ಆದಾಯ ತೆರಿಗೆ ಪೋರ್ಟಲಿನ ಪಾಡು ನೆನಪಿರಬಹುದು. ಮೊದಲ ದಿನದಿಂದಲೇ ತೊಂದರೆ. ಆಗಸ್ಟ್ ತಿಂಗಳಲ್ಲಿ ಹಣಕಾಸು ಸಚಿವಾಲಯ ಇನ್ಫೋಸಿಸ್ ಮುಖ್ಯಸ್ಥರನ್ನು ದೆಹಲಿಗೆ ಕರೆಸಿ ವಿವರಣೆ ಕೇಳಿತು. ರಿಟರ್ನ್ ಸಲ್ಲಿಕೆಯ ಕೊನೆಯ ದಿನಾಂಕವನ್ನು ಮತ್ತೆ ಮತ್ತೆ ಮುಂದೂಡಬೇಕಾಯಿತು. ಜಗತ್ತಿಗೆ ತಂತ್ರಾಂಶ ಮಾಡಿಕೊಡುವ ಸಂಸ್ಥೆ, ಎಲ್ಲ ಅಧಿಕಾರವಿರುವ ಇಲಾಖೆ, ಇಬ್ಬರೂ ಇದ್ದೂ ಹೀಗಾಯಿತು. ಮಾಡುವವರು ಜಾಣರಾಗಿದ್ದರೆ ಸಾಕು, ಮಾಡಿಸುವವರು ಹೇಗಿದ್ದರೂ ನಡೆಯುತ್ತದೆ ಎಂದುಕೊಂಡಿದ್ದರೆ ಆ ಭ್ರಮೆ ಬಿಡಬೇಕು.

ಕಟ್ಟಡಕ್ಕೂ ತಂತ್ರಾಂಶಕ್ಕೂ ಇರುವ ವ್ಯತ್ಯಾಸ

ಅನುಭವಸ್ಥ ಅಧಿಕಾರಿಗಳು ತಂತ್ರಾಂಶದ ಮುಂದೆ ಏಕೆ ಎಡವುತ್ತಾರೆ? ಅವರಿಗೆ ಬುದ್ಧಿ ಇಲ್ಲವೆಂದಲ್ಲ. ಅವರು ಕಟ್ಟಡ, ರಸ್ತೆ, ಗೋದಾಮು ಮಾಡಿಸಿ ಗೊತ್ತಿರುವವರು. ಗೋಡೆ ಎದ್ದರೆ ಕಣ್ಣಿಗೆ ಕಾಣುತ್ತದೆ, ಎಷ್ಟಾಯಿತು ಎಷ್ಟು ಉಳಿಯಿತು ಎಂದು ಹೇಳಬಹುದು. ಹಳೆಯ ಕಟ್ಟಡವಾದರೆ ಬಿರುಕು ಬಿಟ್ಟು ಎಚ್ಚರಿಸುತ್ತದೆ. 2016ರ ಆಗಸ್ಟಿನಲ್ಲಿ ನಮ್ಮ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದಾಗ ಇಡೀ ಊರು ಹೋಗಿ ನೋಡಿತು. ಎಲ್ಲಿ ಬಿತ್ತು, ಎಷ್ಟು ಬಿತ್ತು ಎಂಬುದು ಎಲ್ಲರಿಗೂ ಕಂಡಿತು. ತಂತ್ರಾಂಶ ಒಳಗೊಳಗೇ ಕುಸಿದರೆ ಪರದೆಯ ಮೇಲೆ ಬಣ್ಣ ಮೊದಲಿನಷ್ಟೇ ಚೆನ್ನಾಗಿರುತ್ತದೆ.

ಎರಡನೆಯದಾಗಿ, ಗಾರೆ ಕೆಲಸ ತಡವಾದರೆ ಇನ್ನೂ ಹತ್ತು ಆಳು ಹಾಕುತ್ತೇವೆ. ತಂತ್ರಾಂಶದಲ್ಲಿ ಇದು ತಿರುಗುಬಾಣವಾಗುತ್ತದೆ. 1960ರ ದಶಕದಲ್ಲಿ ಐಬಿಎಂ ಕಂಪನಿಯ ದೊಡ್ಡದೊಂದು ಯೋಜನೆ ನಡೆಸಿದ ಫ್ರೆಡ್ ಬ್ರೂಕ್ಸ್, 1975ರಲ್ಲಿ ತಮ್ಮ ಅನುಭವವನ್ನು ಪುಸ್ತಕ ಮಾಡಿ ಈ ಸತ್ಯವನ್ನು ಜಗತ್ತಿಗೆ ಹೇಳಿದರು. ತಡವಾದ ತಂತ್ರಾಂಶ ಯೋಜನೆಗೆ ಹೊಸ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ. ಹೊಸಬರಿಗೆ ಕಲಿಸಲು ಹಳಬರ ಸಮಯ ಹೋಗುತ್ತದೆ, ಒಬ್ಬರಿಗೊಬ್ಬರು ತಿಳಿಸಬೇಕಾದ ಮಾತು ಹೆಚ್ಚುತ್ತದೆ. ಇದನ್ನು ತಿಳಿಯದ ಮೇಲಧಿಕಾರಿ, ಒಳ್ಳೆಯ ಮನಸ್ಸಿನಿಂದಲೇ ಯೋಜನೆಯನ್ನು ಮುಳುಗಿಸುತ್ತಾನೆ.

ಮೂರನೆಯದಾಗಿ, ಕಟ್ಟಡದ ಖರ್ಚಿನ ಬಹುಪಾಲು ಗೃಹಪ್ರವೇಶದ ಹೊತ್ತಿಗೆ ಮುಗಿದಿರುತ್ತದೆ. ತಂತ್ರಾಂಶದ ನಿಜವಾದ ಖರ್ಚು ಉದ್ಘಾಟನೆಯ ನಂತರ ಶುರುವಾಗುತ್ತದೆ. ನಿಯಮ ಬದಲಾದಾಗ ಅದನ್ನು ಬದಲಿಸಬೇಕು, ದಾಳಿಯಿಂದ ಕಾಪಾಡಬೇಕು, ಮಾಡಿದವರು ಬಿಟ್ಟುಹೋದ ಮೇಲೂ ನಡೆಸಬೇಕು. ಟೇಪು ಕತ್ತರಿಸಿ ಕೈತೊಳೆದುಕೊಳ್ಳುವ ಕೆಲಸವಲ್ಲ ಇದು.

ಈ ಕೊರತೆಯನ್ನು ಅಮೆರಿಕೆಯ ರಕ್ಷಣಾ ಇಲಾಖೆ ಬಹಳ ಹಿಂದೆಯೇ ಕಂಡುಕೊಂಡಿತು. ವಿಮಾನ, ಹಡಗು, ಕ್ಷಿಪಣಿ ಯಾವುದನ್ನೇ ಕೊಂಡರೂ ತಡವಾಗುವುದು ಒಳಗಿನ ತಂತ್ರಾಂಶದಿಂದ ಎಂದು ತಿಳಿದು, 1984ರಲ್ಲಿ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ತಂತ್ರಾಂಶ ಎಂಜಿನಿಯರಿಂಗ್ ಸಂಸ್ಥೆಯೊಂದನ್ನು ಸ್ಥಾಪಿಸಿತು. ಒಂದು ಸಂಸ್ಥೆ ಎಷ್ಟು ಶಿಸ್ತಿನಿಂದ ತಂತ್ರಾಂಶ ಮಾಡುತ್ತದೆ ಎಂದು ಅಳೆಯುವ ಐದು ಹಂತಗಳ ಅಳತೆಗೋಲು ಹುಟ್ಟಿದ್ದು ಅಲ್ಲೇ. 1990ರ ದಶಕದಲ್ಲಿ ಐದನೆಯ ಹಂತ ಮುಟ್ಟಿದ ಜಗತ್ತಿನ ಮೊದಲ ಕೆಲವೇ ಘಟಕಗಳಲ್ಲಿ ಬೆಂಗಳೂರಿನ ಮೊಟೊರೋಲಾ ಘಟಕವೂ ಒಂದು. ಆಮೇಲೆ ನಮ್ಮ ಎಷ್ಟೋ ಕಂಪನಿಗಳು ಅದನ್ನು ಮುಟ್ಟಿದವು. ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯು 1998ರಲ್ಲಿ, ಕೆಲಸದಲ್ಲಿರುವ ತಂತ್ರಾಂಶ ಕ್ಷೇತ್ರದವರಿಗಾಗಿಯೇ ತಂತ್ರಾಂಶ ಉದ್ಯಮ ನಿರ್ವಹಣೆಯ ಸ್ನಾತಕೋತ್ತರ ಕೋರ್ಸು ಆರಂಭಿಸಿತು. ಅಂದರೆ ತಂತ್ರಾಂಶ ಮಾಡುವವರಿಗೆ ನಿರ್ವಹಣೆ ಕಲಿಸುವುದರಲ್ಲಿ ಕರ್ನಾಟಕ ಹಿಂದೆ ಬೀಳಲಿಲ್ಲ. ಹಿಂದೆ ಬಿದ್ದದ್ದು ಮಾಡಿಸುವವರಿಗೆ, ಕೊಳ್ಳುವವರಿಗೆ, ನಡೆಸುವವರಿಗೆ ಕಲಿಸುವುದರಲ್ಲಿ.

ಭೂಮಿ ಕಲಿಸಿದ ಪಾಠ

ಆದರೆ ನಮ್ಮ ರಾಜ್ಯದಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಅದು ಭೂಮಿ ಯೋಜನೆ. ಇಲ್ಲಿ ಕುಳಿತಿರುವ ಹಲವರ ಮನೆಯಲ್ಲಿ ಅದರಿಂದ ಬಂದ ಪಹಣಿ ಇದ್ದೀತು.

ಕೈಬರಹದ ಪಹಣಿ ಗ್ರಾಮಲೆಕ್ಕಿಗರ ವಶದಲ್ಲಿದ್ದ ಕಾಲವನ್ನು ಹಿರಿಯರು ಬಲ್ಲರು. ರೈತ ಅವರನ್ನು ಹುಡುಕಿಕೊಂಡು ಹೋಗಬೇಕು, ಕೈ ಬೆಚ್ಚಗೆ ಮಾಡಬೇಕು, ತಿದ್ದಿದ್ದರೂ ಗೊತ್ತಾಗುತ್ತಿರಲಿಲ್ಲ. 2000ದ ಆಸುಪಾಸಿನಲ್ಲಿ ಕಂದಾಯ ಇಲಾಖೆ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳನ್ನು ಗಣಕೀಕರಿಸಿತು. ತಂತ್ರಾಂಶ ಬರೆದುಕೊಟ್ಟದ್ದು ರಾಷ್ಟ್ರೀಯ ಮಾಹಿತಿ ಕೇಂದ್ರದ ಬೆಂಗಳೂರು ಘಟಕ. ಯೋಜನೆಯನ್ನು ಮುನ್ನಡೆಸಿದವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ಆರಂಭದಲ್ಲಿ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಪಹಣಿ ಸಿಗುತ್ತಿತ್ತು.

ಇಲ್ಲಿ ನನಗೆ ಮುಖ್ಯವಾಗಿ ಕಾಣುವುದು ಕಂಪ್ಯೂಟರ್ ಅಲ್ಲ, ಅದರ ಸುತ್ತ ಮೇಲಧಿಕಾರಿಗಳು ತೆಗೆದುಕೊಂಡ ತೀರ್ಮಾನಗಳು. ಒಂದು, ಗಣಕೀಕರಣ ಮುಗಿದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆಯಿಲ್ಲ ಎಂದು ಘೋಷಿಸಿದರು. ಎರಡು ಲೆಕ್ಕ ಇಟ್ಟುಕೊಂಡು ಜನರನ್ನು ಅಲೆದಾಡಿಸುವ ದಾರಿ ಮುಚ್ಚಿತು. ಎರಡು, ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿ ಆಗಬೇಕೆಂದು ತಂತ್ರಾಂಶದಲ್ಲೇ ಕಟ್ಟುಹಾಕಿದರು. ಬೇಕಾದವರ ಕಾಗದವನ್ನು ಮೇಲಕ್ಕೆ ಸರಿಸಲು ಆಗದು. ಮೂರು, ಅಧಿಕಾರಿಗಳು ಬೆರಳಚ್ಚು ಕೊಟ್ಟೇ ಒಳಹೋಗಬೇಕು. ‘ನಾನು ಮಾಡಲಿಲ್ಲ, ನನ್ನ ಪಾಸ್‌ವರ್ಡ್ ಯಾರೋ ಬಳಸಿದರು’ ಎನ್ನುವಂತಿಲ್ಲ. (ಸಹಾಯಕನ ಡೈರಿಯಲ್ಲಿ ಪಾಸ್‌ವರ್ಡ್ ಇಟ್ಟ ನನ್ನಂಥವರಿಗೆ ಇದು ತಕ್ಕ ಮದ್ದು.) ನಾಲ್ಕು, ಕಿಂಡಿಯಲ್ಲಿ ಜನರತ್ತ ಮುಖಮಾಡಿದ ಇನ್ನೊಂದು ಪರದೆ ಇಟ್ಟರು. ಏನು ಟೈಪಾಗುತ್ತಿದೆ ಎಂದು ರೈತನೂ ನೋಡಬಹುದು.

ಈ ನಾಲ್ಕರಲ್ಲಿ ಯಾವುದನ್ನೂ ಪ್ರೋಗ್ರಾಮರ್ ತಾನಾಗಿ ತೀರ್ಮಾನಿಸಲಾರ. ಇವು ಆಡಳಿತದ ತೀರ್ಮಾನಗಳು. ಕಂದಾಯ ಇಲಾಖೆಯನ್ನು ಒಳಹೊರಗೆ ಬಲ್ಲವರು ತಂತ್ರಾಂಶ ಏನು ಮಾಡಬಲ್ಲದು ಎಂಬುದನ್ನೂ ಕಲಿತದ್ದರಿಂದ ಇವು ಸಾಧ್ಯವಾದವು. ಕೆಳಗಿನ ನೌಕರರಿಗೆ ಮಾತ್ರ ತರಬೇತಿ ಕೊಟ್ಟು ಕೈಬಿಡಲಿಲ್ಲ. ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿಗಳ ಮಟ್ಟದಲ್ಲೂ ಕಾರ್ಯಾಗಾರಗಳು ನಡೆದವು.

ಭೂಮಿಯಲ್ಲಿ ಕೊರತೆಯೇ ಇರಲಿಲ್ಲ ಎನ್ನುತ್ತಿಲ್ಲ. ಹಳೆಯ ಪುಸ್ತಕದಲ್ಲಿದ್ದ ತಪ್ಪು ಕಂಪ್ಯೂಟರಿಗೂ ಬಂದು ಕುಳಿತಿತು. ಅದನ್ನು ತಿದ್ದಿಸಲು ಬಡವರು ಓಡಾಡಬೇಕಾಯಿತು. ದಾಖಲೆ ಸುಲಭವಾಗಿ ಸಿಕ್ಕಿದ್ದರಿಂದ ದೊಡ್ಡ ಜಮೀನು ವ್ಯವಹಾರದವರಿಗೆ ಹೆಚ್ಚು ಲಾಭವಾಯಿತೆಂದು ಟೀಕಿಸಿದ ವಿದ್ವಾಂಸರೂ ಇದ್ದಾರೆ. ಈ ಟೀಕೆಯನ್ನೂ ತರಬೇತಿಯಲ್ಲಿ ಸೇರಿಸಬೇಕು. ಯಶಸ್ಸಿನ ಕಥೆ ಮಾತ್ರ ಕೇಳಿದ ಅಧಿಕಾರಿ ಮೈಮರೆಯುತ್ತಾನೆ.

ಮೇಲಧಿಕಾರಿ ಕೇಳಬೇಕಾದ ಪ್ರಶ್ನೆಗಳು

ಹಾಗಾದರೆ ಮೇಲಧಿಕಾರಿಗಳು ಕೋಡ್ ಬರೆಯಲು ಕಲಿಯಬೇಕೆ? ಬೇಕಾಗಿಲ್ಲ. ಮನೆ ಕಟ್ಟಿಸುವವನು ಗಾರೆ ಕಲಸಲು ಕಲಿಯಬೇಕಾಗಿಲ್ಲ, ಆದರೆ ತಳಪಾಯ ಎಷ್ಟು ಆಳ ಎಂದು ಕೇಳಲು ತಿಳಿದಿರಬೇಕು. ನನ್ನ ಅನುಭವದಿಂದ ಏಳು ಪ್ರಶ್ನೆಗಳನ್ನು ಬರೆದುಕೊಂಡಿದ್ದೇನೆ.

ಮೊದಲನೆಯದು: ಈ ತಂತ್ರಾಂಶ ಏನು ಮಾಡಬೇಕೆಂದು ತೀರ್ಮಾನಿಸಿದವರು ಯಾರು? ಕಿಂಡಿಯ ಆಚೆ ನಿಲ್ಲುವವರನ್ನು ಕೇಳಿದಿರಾ?

ಎರಡನೆಯದು: ಹಳೆಯ ದಾಖಲೆಯಲ್ಲಿ ಇಲ್ಲದ ವಿವರವನ್ನು ಹೊಸದರಲ್ಲಿ ಏನೆಂದು ತುಂಬುತ್ತೀರಿ? 1-1-1900ರ ಕಥೆ ಇಲ್ಲಿದೆ.

ಮೂರನೆಯದು: ಹಳೆಯ ಪದ್ಧತಿ, ಹೊಸ ಪದ್ಧತಿ ಎರಡನ್ನೂ ಕೆಲವು ತಿಂಗಳು ಜೊತೆಯಲ್ಲಿ ನಡೆಸಿ ತಾಳೆ ನೋಡಿದಿರಾ? ವ್ಯತ್ಯಾಸ ಬಂದ ಪ್ರಕರಣಗಳನ್ನು ನನಗೆ ತೋರಿಸಿ.

ನಾಲ್ಕನೆಯದು: ನಾಳೆ ಕೆಟ್ಟರೆ ನಿಲ್ಲಿಸುವುದು ಹೇಗೆ, ಹಿಂದಕ್ಕೆ ಹೋಗುವುದು ಹೇಗೆ? ನಿಲ್ಲಿಸುವ ಅಧಿಕಾರ ಯಾರಿಗಿದೆ?

ಐದನೆಯದು: ತಂತ್ರಾಂಶ ತಡೆಹಿಡಿದದ್ದು, ತಿರಸ್ಕರಿಸಿದ್ದು ಯಾವುವು? ಆ ಪಟ್ಟಿಯನ್ನು ಪ್ರತಿ ವಾರ ಓದುವವರು ಯಾರು?

ಆರನೆಯದು: ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬ ದಾಖಲೆ ಉಳಿಯುತ್ತದೆಯೇ? ಕಂಪನಿಯವರು ಹೊರಗಿನಿಂದ ಬಂದು ನಮ್ಮ ಲೆಕ್ಕ ತಿದ್ದಬಲ್ಲರೇ? ಬ್ರಿಟನ್ನಿನಲ್ಲಿ ವರ್ಷಗಟ್ಟಲೆ ಅಲ್ಲಗಳೆದದ್ದು ಇದೇ ಮಾತನ್ನು. ಕೊನೆಗೆ ತಿದ್ದಲು ಸಾಧ್ಯವಿತ್ತೆಂದು ಕೋರ್ಟಿನಲ್ಲಿ ಸಾಬೀತಾಯಿತು.

ಏಳನೆಯದು: ಒಬ್ಬ ಮನುಷ್ಯ ಎದುರಿಗೆ ನಿಂತು ‘ಇದು ತಪ್ಪು’ ಎಂದಾಗ, ಕಂಪ್ಯೂಟರಿನ ಮಾತನ್ನು ಬದಿಗಿಟ್ಟು ವಿಚಾರಿಸುವ ದಾರಿ ಇದೆಯೇ?

ಈ ಏಳನ್ನು ಕೇಳಲು ಎಂಜಿನಿಯರಿಂಗ್ ಪದವಿ ಬೇಡ. ಆದರೆ ಉತ್ತರ ಬಂದಾಗ ಅದು ಸರಿಯೋ, ಕಣ್ಣೊರೆಸುವ ಮಾತೋ ಎಂದು ತಿಳಿಯಲು ಸ್ವಲ್ಪ ತರಬೇತಿ ಬೇಕು. ‘ತೊಂಬತ್ತು ಭಾಗ ಆಗಿದೆ ಸರ್’ ಎಂಬ ಮಾತು ಆರು ತಿಂಗಳು ಹಾಗೆಯೇ ಇದ್ದರೆ ಅನುಮಾನ ಪಡಲು ಕಲಿಯಬೇಕು. ಗೊತ್ತಿಲ್ಲವೆಂದು ಕಿರಿಯರ ಮುಂದೆ ಒಪ್ಪಿಕೊಳ್ಳುವುದನ್ನೂ ಕಲಿಯಬೇಕು. ನನ್ನ ಮಟ್ಟಿಗೆ ಅದೇ ಕಷ್ಟದ ಪಾಠವಾಗಿತ್ತು. ಆ ಹುಡುಗಿಯ ಎದುರು ಕುಳಿತು, ‘ಮಗಳೇ, ಮೊದಲಿನಿಂದ ಹೇಳಿಕೊಡಮ್ಮ’ ಎನ್ನಲು ನನಗೆ ಐವತ್ತು ವರ್ಷ ದಾಟಬೇಕಾಯಿತು.

ನಮ್ಮ ಊರು, ನಮ್ಮ ಕೆಲಸ

ಮೈಸೂರು ಈ ವಿಷಯದಲ್ಲಿ ಪುಣ್ಯದ ಊರು. ಒಂದು ಕಡೆ ಹೆಬ್ಬಾಳದಲ್ಲಿ ಇನ್ಫೋಸಿಸ್‌ನ ಆವರಣ. ಸಾವಿರಾರು ಯುವಕ ಯುವತಿಯರು ತಂತ್ರಾಂಶ ಕಲಿತು ಹೊರಟದ್ದು ಅಲ್ಲಿಂದ. ಆ ಕಂಪನಿ ತನ್ನ ಹಿರಿಯರನ್ನು ನಾಯಕತ್ವಕ್ಕೆ ತಯಾರು ಮಾಡುವ ಸಂಸ್ಥೆಯನ್ನೂ 2001ರಲ್ಲಿ ಸ್ಥಾಪಿಸಿತು. ಇನ್ನೊಂದು ಕಡೆ ಲಲಿತಮಹಲ್ ರಸ್ತೆಯಲ್ಲಿ ಆಡಳಿತ ತರಬೇತಿ ಸಂಸ್ಥೆ. ರಾಜ್ಯದ ಅಧಿಕಾರಿಗಳು ತರಬೇತಿಗೆ ಬರುವುದು ಅಲ್ಲಿಗೆ. ಮಾಡುವವರನ್ನು ತಯಾರಿಸುವ ಶಾಲೆ, ಮಾಡಿಸುವವರನ್ನು ತಯಾರಿಸುವ ಶಾಲೆ, ಎರಡೂ ಒಂದೇ ಊರಿನಲ್ಲಿವೆ. ಇವೆರಡರ ನಡುವೆ ಸಾಲಿನಲ್ಲಿ ನಿಂತವರು ನಾವು, ಈ ಮೊಹಲ್ಲಾದ ಜನ.

ಸಾಲಿನಲ್ಲಿ ನಿಂತವರ ಕಷ್ಟ ಈ ಮಕ್ಕಳಿಗೆ ಚೆನ್ನಾಗಿ ಗೊತ್ತು. ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ ಏನಾಗುತ್ತದೆ? ಆಧಾರ್‌ನಲ್ಲಿ ಹೆಸರಿನ ಮುಂದೆ ‘ಸೈಯದ್’ ಇದೆ, ಅಂಕಪಟ್ಟಿಯಲ್ಲಿ ಬರೀ ‘ಎಸ್’ ಎಂದಿದೆ. ತಾಯಿಯ ಹೆಸರು ಒಂದು ಕಡೆ ‘ಬೀ’, ಇನ್ನೊಂದು ಕಡೆ ‘ಬೇಗಂ’, ಬ್ಯಾಂಕಿನಲ್ಲಿ ‘ಖಾನಂ’. ಮನೆಯಲ್ಲಿ, ಬೀದಿಯಲ್ಲಿ ಅವರೊಬ್ಬರೇ ವ್ಯಕ್ತಿ ಎಂದು ಎಲ್ಲರಿಗೂ ಗೊತ್ತು. ತಂತ್ರಾಂಶಕ್ಕೆ ಮಾತ್ರ ಮೂವರು. ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಕಡ್ಡಾಯ ಖಾನೆಗಳಿರಬೇಕೆಂದು ಎಲ್ಲೋ ಕುಳಿತ ಒಬ್ಬ ಅಧಿಕಾರಿ ಒಪ್ಪಿಗೆ ಕೊಟ್ಟಾಗ, ಒಂದೇ ಹೆಸರಿನ ಜನರೂ ಇರುತ್ತಾರೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಇದರಲ್ಲಿ ದ್ವೇಷ ಹುಡುಕಬೇಕಾಗಿಲ್ಲ. ಆ ಕೋಣೆಯಲ್ಲಿ ನಮ್ಮ ಮನೆಗಳ ಹೆಸರು ಗೊತ್ತಿದ್ದವರು ಯಾರೂ ಕುಳಿತಿರಲಿಲ್ಲ, ಅಷ್ಟೆ. ಹಳ್ಳಿಯ ರೈತನ ಹೆಸರಿಗೂ, ಹಾಡಿಯ ಮಗುವಿನ ಹೆಸರಿಗೂ ಇದೇ ಗತಿ.

ಆದ್ದರಿಂದ ವಿದ್ಯಾರ್ಥಿಗಳಿಗೆ ನನ್ನ ಮಾತು ಇದು. ಕೋಡ್ ಬರೆಯುವ ಕೆಲಸ ಸಿಕ್ಕಿದರೆ ಸಂತೋಷ. ಆದರೆ ಅಲ್ಲಿಗೆ ನಿಲ್ಲಬೇಡಿ. ಲೆಕ್ಕಪತ್ರ ಕಲಿಯಿರಿ, ಕಾನೂನು ಓದಿ, ಒಂದು ಟಿಪ್ಪಣಿಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ತಪ್ಪಿಲ್ಲದೆ ಬರೆಯಲು ಕಲಿಯಿರಿ. ತಂತ್ರಾಂಶವನ್ನೂ ಆಡಳಿತವನ್ನೂ ಎರಡನ್ನೂ ಬಲ್ಲವರು ಇಂದಿಗೂ ಕಡಿಮೆ. ಹೆಣ್ಣುಮಕ್ಕಳಿಗೆ ವಿಶೇಷವಾಗಿ ಹೇಳುತ್ತೇನೆ, ನನ್ನ ತಪ್ಪನ್ನು ನನಗೆ ತೋರಿಸಿಕೊಟ್ಟವಳು ನಿಮ್ಮ ವಯಸ್ಸಿನ ಒಬ್ಬ ಹುಡುಗಿ. ಅವಳು ಹೆದರಿ ಸುಮ್ಮನಾಗಿದ್ದರೆ ಆ ಗುಮಾಸ್ತನ ಕೆಲಸ ಹೋಗಿರುತ್ತಿತ್ತು.

ಸಂಘದ ಹಿರಿಯರಿಗೆ ಒಂದು ಸಣ್ಣ ಸಲಹೆ. ನಮ್ಮ ಶಾಲೆಗಳ ಮುಖ್ಯೋಪಾಧ್ಯಾಯರು, ಆಡಳಿತ ಸಮಿತಿಯವರು, ಸಹಕಾರ ಸಂಘದ ನಿರ್ದೇಶಕರು, ನಾಲ್ಕಾರು ಜನರಿಗೆ ಕೆಲಸ ಕೊಟ್ಟಿರುವ ವ್ಯಾಪಾರಿಗಳು, ಇವರಿಗಾಗಿ ಭಾನುವಾರದ ಒಂದೊಂದು ಬೆಳಿಗ್ಗೆ ಮೀಸಲಿಡೋಣ. ಕೇಂದ್ರ ಸರ್ಕಾರ 2020ರಲ್ಲಿ ಮಿಷನ್ ಕರ್ಮಯೋಗಿ ಎಂಬ ಹೆಸರಿನಲ್ಲಿ ತನ್ನ ನೌಕರರಿಗೆ ಇಡೀ ಸೇವಾವಧಿಯ ತರಬೇತಿಯ ವ್ಯವಸ್ಥೆ ಮಾಡಿತು. ನಮಗೆ ಅಷ್ಟು ದೊಡ್ಡದು ಬೇಡ. ಕಲಿಸುವವರು ನಮ್ಮಲ್ಲೇ ಇದ್ದಾರೆ, ಹೆಬ್ಬಾಳಕ್ಕೆ ದಿನಾ ಬೈಕಿನಲ್ಲಿ ಹೋಗಿಬರುವ ನಮ್ಮ ಮೊಹಲ್ಲಾದ ಹುಡುಗರೇ ಸಾಕು. ಮಕ್ಕಳು ಹೇಳಿಕೊಡಲಿ, ನಾವು ಬೆಂಚಿನ ಮೇಲೆ ಕೂರೋಣ. ಶಾಲೆಯ ಶುಲ್ಕದ ತಂತ್ರಾಂಶ ಕೊಳ್ಳುವ ಮುನ್ನ ಆ ಏಳು ಪ್ರಶ್ನೆ ಕೇಳಿದರೂ ನಮ್ಮ ಶ್ರಮ ಸಾರ್ಥಕ.

ಆ ತಾಯಿಯ ಮಾತಿನಿಂದಲೇ ಮುಗಿಸುತ್ತೇನೆ. ಪಿಂಚಣಿ ಬಾಕಿ ಕೈಗೆ ಬಂದ ದಿನ ಅವರು ನನಗೆ ಶಾಪ ಹಾಕಲಿಲ್ಲ. ಹಣ ಎಣಿಸಿ ಸೆರಗಿಗೆ ಗಂಟು ಹಾಕಿಕೊಂಡು, ‘ಇನ್ಮೇಕೆ ಬರಾಕಿಲ್ಲ ಬುದ್ಧಿ, ನೀವೇ ನೋಡ್ಕಳಿ’ ಎಂದು ಹೊರಟರು. ನೀವೇ ನೋಡಿಕೊಳ್ಳಿ. ಕುರ್ಚಿಯಲ್ಲಿ ಕುಳಿತವರಿಗೆ ಜನ ಕೊಡುವ ಅಮಾನತ್ ಅದು. ಅದನ್ನು ನೋಡಿಕೊಳ್ಳುವ ಕೆಲಸವನ್ನು ಕಂಪ್ಯೂಟರಿಗೆ ವಹಿಸಿ ನಾವು ಎದ್ದುಹೋಗುವಂತಿಲ್ಲ.